ಮುಳುಗುವ ಎಣ್ಣೆ

ದಾಲ್ಚಿನ್ನಿ ಸೊಪ್ಪಿನ ಎಣ್ಣೆ ನೀರಿನಲ್ಲಿ ಮುಳುಗುತ್ತದೆ. ಎಣ್ಣೆ ಎಂದರೆ ತೇಲಬೇಕು ಎಂದು ಮೂಡುಬಿದಿರೆಯ ಶಾಲೆಯಲ್ಲಿ ನಾನೇ ವರ್ಷಗಟ್ಟಲೆ ಪಾಠ ಹೇಳಿದ್ದೇನೆ, ಹಾಗೆ ಬರೆದ ಮಕ್ಕಳಿಗೆ ಅಂಕವನ್ನೂ ಕೊಟ್ಟಿದ್ದೇನೆ. ಆದರೆ ನಮ್ಮ ಮನೆಯಲ್ಲಿ ಇಳಿಸುತ್ತಿದ್ದ ಎಣ್ಣೆ ಮುಳುಗುತ್ತಿತ್ತು. ನಂಬದವರು ಒಂದು ಲೋಟ ನೀರಿಗೆ ಒಂದು ಹನಿ ಬಿಟ್ಟು ನೋಡಲಿ, ನನ್ನ ಹತ್ತಿರ ವಾದಕ್ಕೆ ಬರುವುದು ಬೇಡ. ಕಂದು ಬಣ್ಣದ ಹನಿ ಮೇಲೆ ಒಂದು ಗಳಿಗೆ ನಿಂತ ಹಾಗೆ ಮಾಡಿ, ಆಮೇಲೆ ಗುಂಡಗೆ ತಳಕ್ಕೆ ಹೋಗಿ ಕೂರುತ್ತದೆ. ಬಂಟ್ವಾಳ ಪೇಟೆಯಲ್ಲಿ ನಮ್ಮ ಎಣ್ಣೆ ಕೊಳ್ಳುತ್ತಿದ್ದ ಅಂಗಡಿಯವರು ಹೀಗೆಯೇ ಪರೀಕ್ಷೆ ಮಾಡುತ್ತಿದ್ದರು. ಅಮ್ಮ ಎದುರು ನಿಂತು, ನೋಡಿ ನೋಡಿ, ಚೆನ್ನಾಗಿ ನೋಡಿ ಎನ್ನುತ್ತಿದ್ದಳು. ಅವಳಿಗೆ ಆ ಲೋಟದ ಎದುರು ನಿಲ್ಲುವಾಗ ಇದ್ದ ಹೆಮ್ಮೆ ಬೇರೆಲ್ಲೂ ಇರಲಿಲ್ಲ.

ನಮ್ಮ ಮನೆ ಮುಂಡಾಜೆಯಲ್ಲಿ, ಚಾರ್ಮಾಡಿಗೆ ಹೋಗುವ ರಸ್ತೆಯಿಂದ ಕೆಳಗೆ ಇಳಿದರೆ ತೋಡಿನ ಬದಿಯಲ್ಲಿ. ಹಿಂದಿನ ಕುಮ್ಕಿ ಗುಡ್ಡೆಯಲ್ಲಿ, ಅಂದರೆ ನಮ್ಮ ಜಮೀನಿಗೆ ತಾಗಿದ ಸರಕಾರಿ ಕಾಡಿನಲ್ಲಿ, ದಾಲ್ಚಿನ್ನಿ ಮರಗಳು ತಾವಾಗಿಯೇ ಬೆಳೆದಿದ್ದವು. ಎಣ್ಣೆ ಇಳಿಸುವ ತಾಮ್ರದ ಹಂಡೆಯನ್ನು ತಂದವನು ಅಪ್ಪ. ನನಗೆ ನಾಲ್ಕು ವರ್ಷವಾಗಿದ್ದಾಗ ಜ್ವರ ಬಂದು ಅಪ್ಪ ಹೋದ. ಇನ್ನು ಹಂಡೆ ಮಾರುವುದೇ ಸರಿ ಎಂದು ಊರವರು ಹೇಳಿದಾಗ ಅಮ್ಮ, "ಒಲೆಗೆ ಬೆಂಕಿ ಹಾಕಿದ್ದು ಗಂಡಸಾ ಹೆಂಗಸಾ ಅಂತ ಸೊಪ್ಪಿಗೆ ಗೊತ್ತಾಗ್ತದಾ?" ಎಂದು ಕೇಳಿದಳಂತೆ. ಅಷ್ಟೇ. ಆ ವರ್ಷದ ಸೊಪ್ಪು ಹಾಳಾಗಲಿಲ್ಲ.

ಮಳೆ ಪೂರ್ತಿ ನಿಂತು ಚಳಿ ಬಿದ್ದ ಮೇಲೆ ಸೊಪ್ಪು ಕೊಯ್ಯುವುದು. ನಾಲ್ಕೈದು ದಿನ ನೆರಳಲ್ಲಿ ಬಾಡಿಸಿ ಹಂಡೆಗೆ ತುಂಬಿ, ನೀರು ಹೊಯ್ದು, ಮುಚ್ಚಳದ ಸುತ್ತ ತೌಡು ಮತ್ತು ಕೆಂಪು ಮಣ್ಣು ಕಲಸಿ ಮೆತ್ತುವುದು. ಆವಿ ಕೊಳವೆಯೊಳಗೆ ಹೋಗಿ, ತೋಡಿನ ನೀರು ಹರಿಸಿದ ಮರದ ಮರಿಗೆಯಲ್ಲಿ ತಣ್ಣಗಾಗಿ, ಇನ್ನೊಂದು ತುದಿಯಲ್ಲಿ ಹಾಲಿನಂತಹ ನೀರಾಗಿ ಬೀಳುತ್ತಿತ್ತು. ಅದರ ತಳದಲ್ಲಿ ಎಣ್ಣೆ. ಬೆಂಕಿ ಹೆಚ್ಚಾದರೆ ಸೊಪ್ಪು ಸೀದ ವಾಸನೆ ಬರುತ್ತದೆ, ಕಡಿಮೆಯಾದರೆ ಎಣ್ಣೆಯೇ ಇಳಿಯುವುದಿಲ್ಲ. ಹಾಗಾಗಿ ಒಮ್ಮೆ ಒಲೆ ಹಚ್ಚಿದರೆ ಅಮ್ಮ ಅಲ್ಲಿಂದ ಅಲುಗಾಡುತ್ತಿರಲಿಲ್ಲ. ಊಟವನ್ನೂ ನಾನು ಅಲ್ಲಿಗೇ ಕೊಂಡುಹೋಗಬೇಕಿತ್ತು.

ಆ ಎಣ್ಣೆಗೆ ಊರಿನಲ್ಲಿ ಇಲ್ಲದ ಕೆಲಸವಿರಲಿಲ್ಲ. ಹಲ್ಲು ನೋವಿಗೆ ಹತ್ತಿಯಲ್ಲಿ ಅದ್ದಿ ಹಲ್ಲಿನ ತೂತಿಗೆ ಇಡುವುದು. ಶೀತವಾದರೆ ಬಿಸಿನೀರಿಗೆ ಒಂದು ಹನಿ ಬಿಟ್ಟು ಕಂಬಳಿ ಮುಚ್ಚಿಕೊಂಡು ಆವಿ ಕುಡಿಯುವುದು. ಗದ್ದೆಯಲ್ಲಿ ಬಗ್ಗಿ ಬಗ್ಗಿ ಸೊಂಟ ಹಿಡಿದ ಹೆಂಗಸರು ಸಂಜೆ ಹೊತ್ತು ಬಂದು ಅಂಗಳದಲ್ಲಿ ಕೂರುತ್ತಿದ್ದರು. ಅಮ್ಮ ತೆಂಗಿನೆಣ್ಣೆ ಬಿಸಿ ಮಾಡಿ, ತೆಂಗಿನ ಗರಿಯ ಕಡ್ಡಿಯನ್ನು ಬಾಟಲಿಗೆ ಅದ್ದಿ, ಅದರ ತುದಿಯಿಂದ ಎರಡು ಹನಿ ಬೀಳಿಸಿ ಕೊಡುತ್ತಿದ್ದಳು. ಮಕ್ಕಳ ತಲೆಯ ಹೇನಿಗೆ, ಪೆಟ್ಟಿಗೆಯ ಬಟ್ಟೆಗೆ ಹುಳ ಹಿಡಿಯದಿರಲು, ಎಲ್ಲದಕ್ಕೂ ಅದೇ. ಕೊಡುವಾಗ ಪ್ರತಿಯೊಬ್ಬರಿಗೂ ಒಂದೇ ಮಾತು: "ಎರಡೇ ಹನಿ. ಮೂರಾದ್ರೆ ಅದು ಮದ್ದಲ್ಲ, ಬೆಂಕಿ." ಇನ್ನೊಂದು ಮಾತನ್ನು ಮದುವೆಯಾದ ಹೆಂಗಸರಿಗೆ ಮಾತ್ರ, ದನಿ ತಗ್ಗಿಸಿ ಹೇಳುತ್ತಿದ್ದಳು: "ಹೊಟ್ಟೆಯಲ್ಲಿ ಉಂಟಾದವರಿಗೆ ಬೇಡ. ಅದರ ಗಾಳಿಯೂ ಬೇಡ." ಅದು ಉಷ್ಣದ ಎಣ್ಣೆ, ಗರ್ಭಕ್ಕೆ ಆಗುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ದನಿ ತಗ್ಗಿಸಿದರೇನು, ಹನ್ನೊಂದು ವರ್ಷದ ನನ್ನ ಕಿವಿ ಚುರುಕಾಗಿಯೇ ಇತ್ತು.

ಅಮ್ಮನ ಮೂಗಿನ ಬಗ್ಗೆ ಹೇಳದಿದ್ದರೆ ಮುಂದಿನದ್ದು ಅರ್ಥವಾಗುವುದಿಲ್ಲ. ನಾನು ಯಾರ ಮನೆಯಲ್ಲಿ ಏನು ತಿಂದು ಬಂದೆ ಎಂದು ಬಾಗಿಲಲ್ಲೇ ಹೇಳುತ್ತಿದ್ದಳು. ಬಿರಡೆ ಹಾಕಿದ ಎರಡು ಬಾಟಲಿಗಳನ್ನು ಮೂಸಿ, ಇದು ಈ ವಾರದ್ದು, ಇದು ಕಳೆದ ವರ್ಷದ್ದು ಎನ್ನುತ್ತಿದ್ದಳು. ಅಂತಹವಳಿಂದ ಏನನ್ನಾದರೂ ಮುಚ್ಚಿಡುವುದು ನನ್ನ ಕೈಯಲ್ಲಿ ಆಗುವ ಕೆಲಸವಾಗಿರಲಿಲ್ಲ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಮೂಡುಬಿದಿರೆಯ ಹತ್ತಿರ ತೋಡಾರಿಗೆ ಮದುವೆ ಮಾಡಿಕೊಟ್ಟಿದ್ದರು. ಗಂಡ ಒಳ್ಳೆಯವನು, ಬಾಯಿಲ್ಲದವನು, ಮನೆಯಲ್ಲಿ ಮಾತೆಲ್ಲ ಅತ್ತೆಯದ್ದು. ಮೊದಲ ಬಸುರು ನಾಲ್ಕನೆಯ ತಿಂಗಳಲ್ಲಿ ಅಲ್ಲಿಯೇ ಹೋಯಿತು. ಅತ್ತೆ ಅಕ್ಕನ ಮೈಯಲ್ಲೇ ಏನೋ ಕೊರತೆ ಇದೆ ಎಂದರು. ನಮ್ಮ ಕಡೆಯವರು, ಬಸುರಿಯಿಂದ ಗದ್ದೆ ಕೆಲಸ ಮಾಡಿಸಿದರೆ ಇನ್ನೇನಾಗುತ್ತದೆ ಎಂದರು. ಎರಡು ಮನೆಗಳ ನಡುವೆ ಆ ಮಾತು ಮುಳ್ಳಿನಂತೆ ಉಳಿಯಿತು. ಎರಡನೆಯ ಬಾರಿ ಏಳು ತಿಂಗಳು ತುಂಬಿ ಬಯಕೆಯ ಶಾಸ್ತ್ರವಾದಾಗ ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರು. ನಮ್ಮಲ್ಲಿ ಬಯಕೆ ಮುಗಿಸಿ ಹುಡುಗಿಯನ್ನು ಹೆರಿಗೆಗೆ ತವರಿಗೆ ಕರೆತರುವುದು ಕ್ರಮ. ಅಮ್ಮ ಗಂಡ ಸತ್ತವಳು, ಶಾಸ್ತ್ರಕ್ಕೆ ಮುಂದೆ ಬರುವ ಹಾಗಿಲ್ಲ, ತೋಡಾರಿನ ಮನೆಯ ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಮಗಳು ಹೂ ಮುಡಿದದ್ದನ್ನು ನೋಡಿದಳು. ಹೊರಡುವಾಗ ಅಕ್ಕನ ಅತ್ತೆ, "ಒಬ್ಬಳನ್ನು ಕಳಿಸ್ತಾ ಇದ್ದೇವೆ. ಇಬ್ಬರನ್ನು ವಾಪಸು ಕಳಿಸಿ," ಎಂದರು. ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ.

ಅಕ್ಕ ಬಂದದ್ದು ಸೊಪ್ಪು ಕೊಯ್ಯುವ ಕಾಲದಲ್ಲಿ. ಅಮ್ಮ ಎಣ್ಣೆಯ ಬಾಟಲಿಗಳನ್ನೆಲ್ಲ ಮನೆಯಿಂದ ಹೊರಗೆ, ಕಟ್ಟಿಗೆ ಇಡುವ ಕೊಟ್ಟಿಗೆಗೆ ಸಾಗಿಸಿದಳು. ಅಕ್ಕ ಒಲೆ ಇರುವ ತೋಡಿನ ಬದಿಗೆ ಇಳಿಯಬಾರದು ಎಂದು ಕಟ್ಟಪ್ಪಣೆ. ನನಗೋ ಹಬ್ಬ. ಶಾಲೆ ಬಿಟ್ಟವಳು ಓಡಿ ಬಂದು ಅಕ್ಕನ ಹೊಟ್ಟೆಯ ಮೇಲೆ ಕೈ ಇಟ್ಟು ಕೂರುತ್ತಿದ್ದೆ. ಒಳಗಿನಿಂದ ಒದ್ದರೆ ಇಬ್ಬರೂ ಕಿರುಚಿ ನಗುವುದು. "ನಿನ್ನ ಹಾಗೆಯೇ ತುಂಟ ಆಗ್ತದೆ, ನೋಡು," ಎಂದು ಅಕ್ಕ ನನ್ನ ಜಡೆ ಎಳೆಯುತ್ತಿದ್ದಳು. ನಾನು ಆ ಮಗುವಿಗೆ ಚಿಕ್ಕಮ್ಮ ಆಗುವವಳು. ತರಗತಿಯಲ್ಲಿ ಎಲ್ಲರಿಗೂ ಹೇಳಿಯಾಗಿತ್ತು.

ಆ ದಿನ ಸೋಮವಾರ. ಶಾಲೆಗೆ ಯಾಕೋ ರಜೆ ಇತ್ತು. ಅಮ್ಮ ಬೆಳಿಗ್ಗೆಯೇ ಒಲೆ ಹಚ್ಚಿ ತೋಡಿನ ಬದಿಗೆ ಹೋಗಿದ್ದಳು. ಅವಳ ಮುಖ ಗಂಟಿಕ್ಕಿತ್ತು, ನಾನು ಏನೋ ಕೇಳಿದ್ದಕ್ಕೆ ಗದರಿದಳು. ಮಧ್ಯಾಹ್ನದ ಊಟ ಆದ ಮೇಲೆ ಅಕ್ಕ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೈ ಬೆವರಿತ್ತು.

"ಸೊಂಟ ಕಡಿದು ಹೋಗ್ತದೆ ಮಾರಾಯ್ತಿ," ಎಂದಳು. "ಎಣ್ಣೆ ಸ್ವಲ್ಪ ತರ್ತೀಯಾ?"

"ನಿನಗೆ ಹಚ್ಚಬಾರದಂತೆ."

"ಗೊತ್ತುಂಟು. ಅಮ್ಮನಿಗೆ ಹೇಳ್ಬೇಡ. ತಡೀಲಿಕ್ಕೆ ಆಗುದಿಲ್ಲ, ತಾ."

ಅಕ್ಕ ಎಂದೂ ನನ್ನ ಹತ್ತಿರ ಹಾಗೆ ಬೇಡಿದವಳಲ್ಲ. ನಾನು ಕೊಟ್ಟಿಗೆಗೆ ಹೋದೆ. ಸಣ್ಣ ಬಾಟಲಿ ತಂದೆ. ತೆಂಗಿನೆಣ್ಣೆ ಬಿಸಿ ಮಾಡಿದೆ. ಕಡ್ಡಿ ಅದ್ದಿ ಎರಡು ಹನಿ ಬೀಳಿಸಿದೆ. ಆಮೇಲೆ ಅಕ್ಕನ ಮುಖ ನೋಡಿ ಇನ್ನೆರಡು ಬೀಳಿಸಿದೆ. ಎರಡಕ್ಕೆ ಅಷ್ಟು ಗುಣವಾದರೆ ನಾಲ್ಕಕ್ಕೆ ಬೇಗ ಗುಣವಾಗುತ್ತದೆ ಎಂದು ನನ್ನ ಲೆಕ್ಕ. ಯಾರೂ ಹೇಳಿಕೊಟ್ಟದ್ದಲ್ಲ, ಸ್ವಂತ ಬುದ್ಧಿ. ತಿಕ್ಕಿದ ಕಡೆ ಚರ್ಮ ಕೆಂಪಗಾಯಿತು. ಅಕ್ಕ ಹಲ್ಲು ಕಚ್ಚಿ ತಡೆದುಕೊಂಡಳು. ಸ್ವಲ್ಪ ಹೊತ್ತಿಗೆ ಅವಳ ಕಣ್ಣು ಮುಚ್ಚಿತು. ನಾನು ಬಾಟಲಿ ಬಚ್ಚಿಟ್ಟು, ಕೈಯನ್ನು ಲಂಗಕ್ಕೆ ಒರೆಸಿಕೊಂಡು ಜಗಲಿಯಲ್ಲಿ ಕೂತೆ. ದೊಡ್ಡ ಕೆಲಸ ಮಾಡಿದ ಸಂತೋಷ ನನಗೆ.

ನಾಲ್ಕು ಗಂಟೆಯ ಹೊತ್ತಿಗೆ ತೋಡಿನ ಆಚೆ ದಡದ, ಹೆರಿಗೆ ಮಾಡಿಸುವ ಅಜ್ಜಿ ಕೋಲೂರಿಕೊಂಡು ಅಂಗಳಕ್ಕೆ ಬಂದರು. ಅವರು ಯಾಕೆ ಬಂದರು, ಯಾರು ಹೇಳಿಕಳಿಸಿದರು ಎಂದು ನಾನು ಆಗ ಯೋಚಿಸಲಿಲ್ಲ. ಹೆರಿಗೆಗೆ ಇನ್ನೂ ಎರಡು ತಿಂಗಳಿತ್ತಲ್ಲ! ಅವರು ಒಳಗೆ ಹೋದರು. ಮರುಗಳಿಗೆಯೇ ಹೊರಗೆ ಬಂದು, "ಓಡು, ಅಪ್ಪೆಯನ್ನು ಕರಿ," ಎಂದರು. ಅಪ್ಪೆ ಎಂದರೆ ನಮ್ಮ ತುಳುವಿನಲ್ಲಿ ತಾಯಿ. ಅಮ್ಮ ಉರಿಯುವ ಒಲೆಯನ್ನು ಹಾಗೆಯೇ ಬಿಟ್ಟು ಓಡಿ ಬಂದಳು. ಅವಳು ಒಲೆ ಬಿಟ್ಟು ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೋಣೆಯ ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಮೂಗಿನ ಹೊಳ್ಳೆ ಅರಳಿತು. ತಿರುಗಿ ನನ್ನನ್ನು ನೋಡಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ದೀಪ ಹಚ್ಚುವ ಮೊದಲೇ ಎಲ್ಲ ಮುಗಿದಿತ್ತು. ಗಂಡು ಮಗು. ಅಳು ಕೇಳಿಸಲಿಲ್ಲ. ಅಕ್ಕನ ಅಳು ಮಾತ್ರ ಕೇಳಿಸಿತು, ಅದೂ ಬಟ್ಟೆ ಬಾಯಿಗೆ ತುರುಕಿಕೊಂಡ ಅಳು. ಅಜ್ಜಿ ಮತ್ತು ಅಮ್ಮ ಬಹಳ ಹೊತ್ತು ಪಿಸುಗುಟ್ಟಿದರು. ನೆರೆಮನೆಯವರು ಬಂದು ಗುಡ್ಡೆಯ ಬದಿಯ ಗೇರುಮರದ ಕೆಳಗೆ ಹೂತು ಬಂದರು. ತೋಡಿನ ಬದಿಯಿಂದ ಸೀದ ಸೊಪ್ಪಿನ ಕಮಟು ವಾಸನೆ ಮನೆಯೆಲ್ಲ ತುಂಬಿತು. ನಾನು ಬೆತ್ತದ ಪೆಟ್ಟಿಗಾಗಿ ಕಾದೆ. ಅಮ್ಮ ಹೊಡೆಯಲಿಲ್ಲ, ಬೈಯಲಿಲ್ಲ, ಬಾಟಲಿ ಎಲ್ಲಿ ಎಂದೂ ಕೇಳಲಿಲ್ಲ. ಹೊಡೆದಿದ್ದರೆ ನನ್ನ ಬಾಯಿಂದ ಎಲ್ಲ ಹೊರಗೆ ಬರುತ್ತಿತ್ತು. ಹೊಡೆಯಬೇಕಿತ್ತು ಅವಳು.

ಮೂರನೆಯ ದಿನ ತೋಡಾರಿನವರು ಬರುತ್ತಾರೆಂದು ಸುದ್ದಿ ಬಂತು. ಆ ಬೆಳಿಗ್ಗೆ ಅಮ್ಮ ನನ್ನನ್ನು ಬಾವಿಕಟ್ಟೆಗೆ ಎಳೆದುಕೊಂಡು ಹೋದಳು. ಬೂದಿ, ಹುಣಸೆಹುಳಿ, ಅಂಟುವಾಳ ಹಾಕಿ ನನ್ನ ಎರಡೂ ಕೈಗಳನ್ನು ಮೂರು ಮೂರು ಸಲ ತಿಕ್ಕಿ ತೊಳೆದಳು. ಉಗುರಿನ ಸಂದಿಯನ್ನೂ ಬಿಡಲಿಲ್ಲ. ತೊಳೆದು ಮೂಸಿದಳು, ಮತ್ತೆ ತೊಳೆದಳು. ನನ್ನ ಲಂಗವನ್ನು ಒಲೆಗೆ ಹಾಕಿದಳು. ಆಮೇಲೆ ನಾನು ಬಚ್ಚಿಟ್ಟ ಜಾಗಕ್ಕೆ ಸೀದಾ ಹೋಗಿ ಆ ಸಣ್ಣ ಬಾಟಲಿಯನ್ನು ತೆಗೆದು, ಎಣ್ಣೆಯನ್ನು ಹಸಿಯಾಗಿಯೇ ತನ್ನ ಅಂಗೈಗೆ ಸುರಿದುಕೊಂಡಳು. ಎರಡು ಹನಿಯಲ್ಲ, ಅಂಗೈ ತುಂಬ. ಮೊಣಕೈಯವರೆಗೆ ಹಚ್ಚಿಕೊಂಡಳು. ಅದು ಎಷ್ಟು ಉರಿಯುತ್ತದೆಂದು ನನಗೆ ಗೊತ್ತಿತ್ತು. ಅವಳ ಕಣ್ಣಲ್ಲಿ ನೀರು ಬಂತು. ನನ್ನ ಪಾಪಕ್ಕೆ ತನ್ನನ್ನು ತಾನೇ ಸುಟ್ಟುಕೊಳ್ಳುತ್ತಿದ್ದಾಳೆ ಎಂದು ನಾನು ತಿಳಿದೆ.

ಅಕ್ಕನ ಅತ್ತೆ ಚಾವಡಿಯಲ್ಲಿ ಕೂತು ನೀರನ್ನೂ ಮುಟ್ಟಲಿಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಮೊದಲನೆಯದ್ದು ನಮ್ಮ ಮನೆಯಲ್ಲಿ ಹೋಯಿತು. ನಾವು ನೋಡಿಕೊಳ್ಳಲಿಲ್ಲ ಅಂತ ನೀವು ಊರಿಡೀ ಹೇಳಿದ್ರಿ. ಇದು ನಿಮ್ಮ ಮನೆಯಲ್ಲೇ ಹೋಯಿತಲ್ಲ, ಈಗ ಯಾರನ್ನು ದೂರುದು? ಅವಳ ಹೊಟ್ಟೆಯಲ್ಲಿ ಮಗು ನಿಲ್ಲುದಿಲ್ಲ. ಒಪ್ಪಿಕೊಳ್ಳಿ. ನನಗೆ ಇರುದು ಒಬ್ಬನೇ ಮಗ. ಅವಳು ಇಲ್ಲೇ ಇರ್ಲಿ, ನಾವು ಬೇರೆ ಹುಡುಗಿ ನೋಡ್ತೇವೆ."

ಒಳಕೋಣೆಯಲ್ಲಿ ಅಕ್ಕ ಚಾಪೆಯಿಂದ ಎದ್ದು ಕೂತದ್ದು ನನಗೆ ಕೇಳಿಸಿತು.

"ಅವಳ ಹೊಟ್ಟೆಗೆ ಎಂತ ದೋಷವೂ ಇಲ್ಲ," ಎಂದಳು ಅಮ್ಮ. "ಚೆನ್ನಾಗಿಯೇ ಇತ್ತು ಮಗು. ಸೊಂಟ ನೋವು ಅಂದಳು, ನನಗೆ ನೋಡ್ಲಿಕ್ಕೆ ಆಗ್ಲಿಲ್ಲ. ಈ ಕೈಯಲ್ಲಿ ಎಣ್ಣೆ ಹಚ್ಚಿ ತಿಕ್ಕಿದೆ. ಹನಿ ಜಾಸ್ತಿ ಆಯ್ತು. ನಾನೇ ಕೊಂದದ್ದು. ಮೂಸಿ ನೋಡಿ ಬೇಕಾದ್ರೆ." ಎರಡೂ ಕೈ ಮುಂದೆ ಚಾಚಿದಳು.

ಅತ್ತೆ ಮುಖ ಹಿಂದಕ್ಕೆ ಎಳೆದುಕೊಂಡರು. ಕೋಣೆಯಲ್ಲೂ ಆ ವಾಸನೆ ಇತ್ತು, ಚಾಪೆಯಲ್ಲೂ ಇತ್ತು. "ಬಸುರಿಗೆ ಹಚ್ಚಬಾರದು ಅಂತ ಊರಿಗೆಲ್ಲ ಬುದ್ಧಿ ಹೇಳುವವಳು ನೀನೇ ಅಲ್ವಾ?" ಎಂದು ಏಕವಚನಕ್ಕೆ ಇಳಿದರು.

"ಹೌದು."

"ದೈವದ ಎದುರು ನಿಂತು ಹೇಳ್ತೀಯಾ?"

ನಮ್ಮವರಿಗೆ ದೈವದ ಎದುರಿನ ಮಾತು ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಸುಳ್ಳಾಡಿದರೆ ಸಂತಾನದವರೆಗೂ ಬಿಡುವುದಿಲ್ಲ ಎಂದು ಹೆದರುವ ಜನ ನಾವು. ಅಮ್ಮ ಎದ್ದು ಹೋಗಿ ದೈವದ ಕೋಣೆಯ ಹೊಸ್ತಿಲಿನ ಮೇಲೆ ಕೈ ಇಟ್ಟಳು. "ಈ ಎಣ್ಣೆಯಿಂದಲೇ ಆದದ್ದು. ಈ ಕೈಯಿಂದಲೇ ಆದದ್ದು. ಇನ್ನು ಈ ಮನೆಯಲ್ಲಿ ಎಣ್ಣೆ ಇಳಿಸುದಿಲ್ಲ," ಎಂದಳು. ಹಚ್ಚಿದವಳು ನಾನು, ಆಣೆ ಹಾಕಿದವಳು ಅವಳು. ನನ್ನ ಬಾಯಿಗೆ ಬೀಗ ಬಿತ್ತು. ಎಣ್ಣೆಯ ತಪ್ಪಾದರೆ ಹುಡುಗಿಯದ್ದಲ್ಲ ಎಂದು ತೋಡಾರಿನವರಿಗೆ ಸಮಾಧಾನವಾಗಿರಬೇಕು. ನಲವತ್ತು ದಿನ ಕಳೆದ ಮೇಲೆ ಭಾವ ಬಂದು ಅಕ್ಕನನ್ನು ಕರೆದುಕೊಂಡು ಹೋದರು. ಅಮ್ಮ ಎಂಥ ಕೊಲೆಗಾರ್ತಿ ಎಂಬ ಮಾತು ಬೆಳ್ತಂಗಡಿ ಸಂತೆಯವರೆಗೂ ಹೋಯಿತು.

ಅವಳ ಅಂಗೈಯ ಚರ್ಮ ಸುಲಿದು ಹೊಸದು ಬರಲು ಹದಿನೈದು ದಿನ ಬೇಕಾಯಿತು. ಅಷ್ಟರಲ್ಲಿ ಒಲೆ ಒಡೆದು ಹಾಕಿಸಿದ್ದಳು. ಕೊಳವೆಯನ್ನು ಯಾರೋ ಕೊಂಡುಹೋದರು. ತಾಮ್ರದ ಹಂಡೆಯನ್ನು ಬಚ್ಚಲಿಗೆ ತಂದು ಮೀಯುವ ನೀರು ಕಾಯಿಸಲು ಇಟ್ಟಳು. ಎಷ್ಟು ತಿಕ್ಕಿದರೂ ಹಂಡೆಯ ಬೆಸುಗೆಯ ಸಂದಿಯಿಂದ, ನೀರು ಕುದಿಯುವಾಗ, ಸಣ್ಣಗೆ ದಾಲ್ಚಿನ್ನಿಯ ಘಮ ಬರುತ್ತಿತ್ತು. ಹತ್ತು ಹನ್ನೆರಡು ವರ್ಷ ನಾನು ಆ ನೀರಿನಲ್ಲೇ ಮಿಂದೆ. ಬಂಟ್ವಾಳದ ಅಂಗಡಿಯವರು ಒಮ್ಮೆ ಹುಡುಕಿಕೊಂಡು ಬಂದು, "ಎಂತದಮ್ಮಾ ಇದು? ನಿಮ್ಮ ಎಣ್ಣೆ ಬರದೆ ನನ್ನ ಗಿರಾಕಿಗಳು ಬೊಬ್ಬೆ ಹಾಕ್ತಾರೆ," ಎಂದರು. ಅಮ್ಮ ಮಜ್ಜಿಗೆ ಕೊಟ್ಟು ಕಳಿಸಿದಳು. ಹಲ್ಲುನೋವಿನವರು, ಸೊಂಟನೋವಿನವರು ಬಂದು ಅಂಗಳದಲ್ಲಿ ನಿಲ್ಲುತ್ತಿದ್ದರು, ಇಲ್ಲ ಎನ್ನಿಸಿಕೊಂಡು ಹೋಗುತ್ತಿದ್ದರು. ಕೆಲವು ವರ್ಷಗಳಲ್ಲಿ ಅವರು ಬರುವುದೂ ನಿಂತಿತು. ಗುಡ್ಡೆಯ ಸೊಪ್ಪು ಕೊಯ್ಯುವವರಿಲ್ಲದೆ ಮರದಲ್ಲೇ ಹಣ್ಣಾಗಿ ಉದುರುತ್ತಿತ್ತು.

ನಾನು ಬೆಳ್ತಂಗಡಿಯಲ್ಲಿ ಹೈಸ್ಕೂಲು ಮುಗಿಸಿ, ಟೀಚರ್ ತರಬೇತಿ ಪಡೆದು, ಮೂಡುಬಿದಿರೆಯ ಶಾಲೆಗೆ ಸೇರಿದೆ. ತೋಡಾರು ಅಲ್ಲಿಂದ ನಡೆದುಹೋಗುವಷ್ಟು ಹತ್ತಿರ. ಅಕ್ಕನಿಗೆ ಅಷ್ಟರಲ್ಲಿ ಒಬ್ಬ ಮಗ, ಒಬ್ಬಳು ಮಗಳು. ಎರಡೂ ಹೆರಿಗೆಗೆ ಅತ್ತೆ ಅವಳನ್ನು ನಮ್ಮಲ್ಲಿಗೆ ಕಳಿಸಲಿಲ್ಲ. ಮಗಳ ತೊಟ್ಟಿಲ ಶಾಸ್ತ್ರಕ್ಕೆ ಹೋದವಳು ನಾನು ಹೊಸ್ತಿಲಿನ ಆಚೆಯೇ ನಿಂತೆ. "ಹತ್ತಿರ ಬಾ ಮಾರಾಯ್ತಿ, ಮಗು ಕಚ್ಚುದಿಲ್ಲ," ಎಂದಳು ಅಕ್ಕ. ಮಡಿಲಿಗೆ ಹಾಕಲು ಬಂದಳು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ನೆಗಡಿ ಎಂದೆ, ಕೆಲಸ ಉಂಟು ಎಂದೆ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆ. ಎರಡು ಸಲ ಹಾಗಾದ ಮೇಲೆ ಅಕ್ಕನ ಮುಖ ಬಿಗಿಯಿತು. ನಾನು ಟೀಚರಾಗಿ ಜಂಬದವಳಾದೆ ಎಂದುಕೊಂಡಳೋ, ತನ್ನ ಮಕ್ಕಳು ಕಂಡರಾಗದು ಎಂದುಕೊಂಡಳೋ. ಕರೆಯುವುದನ್ನು ಬಿಟ್ಟಳು. ತರಗತಿಯಲ್ಲಿ ಕೂಡ ನಾನು ಮಕ್ಕಳ ತಲೆ ನೇವರಿಸಿದವಳಲ್ಲ. ಸುಣ್ಣದ ಕಡ್ಡಿ ಹಿಡಿದ ಕೈಯನ್ನು ಯಾರೂ ನೋಡದಾಗ ಮೂಸಿ ನೋಡುತ್ತಿದ್ದೆ. ನನ್ನನ್ನು ನೋಡಲು ಬಂದ ಎರಡು ಸಂಬಂಧಗಳನ್ನೂ ಬೇಡವೆಂದೆ. ಕಾರಣ ಯಾರಿಗೂ ಹೇಳಲಿಲ್ಲ. ಕೈಯಿಂದ ಒಂದು ಜೀವ ತೆಗೆದವಳಿಗೆ ಮಕ್ಕಳು ಯಾಕೆ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ.

ರಜೆಯಲ್ಲಿ ಮನೆಗೆ ಹೋದಾಗ ಅಮ್ಮನ ಜೊತೆ ಮುಖ ಕೊಟ್ಟು ಮಾತಾಡಲು ಆಗುತ್ತಿರಲಿಲ್ಲ. ವರ್ಷಕ್ಕೊಮ್ಮೆ ದೈವಕ್ಕೆ ತಂಬಿಲದ ಪೂಜೆ ಕೊಡುವ ದಿನ ಅವಳು ಎಲ್ಲರ ಹಿಂದೆ, ಅಂಗಳದ ಮೂಲೆಯಲ್ಲಿ ನಿಲ್ಲುತ್ತಿದ್ದಳು. ಗಂಧಪ್ರಸಾದವನ್ನು ಕೊನೆಗೆ, ತಲೆ ಎತ್ತದೆ ತೆಗೆದುಕೊಳ್ಳುತ್ತಿದ್ದಳು. ಮನೆಯ ಒಂದು ದನ ಸತ್ತರೂ ಆ ಹೊಸ್ತಿಲಿನ ಕಡೆ ನೋಡುತ್ತಿದ್ದಳು. ಒಮ್ಮೆ ದವಡೆ ಹಲ್ಲು ನೋವಾಗಿ ಅವಳ ಕೆನ್ನೆ ಊದಿತು. ಬೆಳ್ತಂಗಡಿಯಿಂದ ನಾನು ತಂದ ಲವಂಗದ ಎಣ್ಣೆಯನ್ನೂ ಮುಟ್ಟಲಿಲ್ಲ. "ನನಗೆ ಆ ಜಾತಿಯ ವಾಸನೆ ಬೇಡ ಮಗಾ," ಎಂದಳು. ನಾನು ಹೊರಗೆ ಹೋಗಿ ಅತ್ತೆ. ಇಷ್ಟಕ್ಕೆಲ್ಲ ನಾನೇ ಕಾರಣ ಎಂದು ಅವಳ ಕಾಲಿಗೆ ಬಿದ್ದು ಹೇಳಬೇಕೆಂದು ಎಷ್ಟು ಸಲ ಅಂದುಕೊಂಡೆನೋ! ನಾಳೆ ಹೇಳುವ, ಮುಂದಿನ ರಜೆಗೆ ಹೇಳುವ ಎಂದು ಮುಂದೂಡುತ್ತಲೇ ವರ್ಷಗಳು ಹೋದವು.

ಅರವತ್ತರ ದಶಕ ಮುಗಿಯುತ್ತ ಬಂದಾಗ ಅಮ್ಮ ತೀರಿಕೊಂಡಳು. ಎದೆನೋವು ಎಂದು ಮಲಗಿದವಳು ಏಳಲಿಲ್ಲ. ಅಕ್ಕ ಮಕ್ಕಳೊಂದಿಗೆ ಬಂದು ಉಳಿದಳು. ಕೆಲಸಗಳ ಮಧ್ಯೆ ಬೇಕಾದಷ್ಟೇ ಮಾತು ನಮ್ಮೊಳಗೆ. ಹನ್ನೊಂದನೆಯ ದಿನ ಬೆಳಿಗ್ಗೆ ಎಲ್ಲರೂ ಮೀಯಬೇಕಿತ್ತು, ಇಬ್ಬರೂ ಬಚ್ಚಲಿನಲ್ಲಿ ಹಂಡೆಗೆ ಬೆಂಕಿ ಹಾಕುತ್ತಿದ್ದೆವು. ನೀರು ಕುದಿ ಬಂತು. ಹಂಡೆಯ ಸಂದಿಯಿಂದ ಆ ಘಮ ಎದ್ದಿತು. ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ನಾನು ಅವತ್ತು ಎರಡು ಹನಿ ಹಾಕಿದ್ದಲ್ಲ, ನಾಲ್ಕು ಹಾಕಿದ್ದು."

"ಎಂತ ನಾಲ್ಕು?"

"ಎಣ್ಣೆ. ನಿನ್ನ ಸೊಂಟಕ್ಕೆ. ಮಗುವನ್ನು ಕೊಂದದ್ದು ಅಮ್ಮ ಅಲ್ಲ, ನಾನು."

ಅಕ್ಕ ಕೈಯಲ್ಲಿದ್ದ ಸೌದೆಯನ್ನು ಕೆಳಗಿಟ್ಟಳು. ನನ್ನ ಮುಖವನ್ನೇ ನೋಡಿದಳು. "ಅಯ್ಯೋ ದೇವರೇ! ನೀನು ಇಷ್ಟು ವರ್ಷ..." ಎಂದಳು. ಆಮೇಲೆ ಸಿಟ್ಟು ಬಂದವಳಂತೆ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. "ಅದು ಹೊಟ್ಟೆಯಲ್ಲೇ ಹೋಗಿ ಎರಡು ದಿನ ಆಗಿತ್ತು! ಶನಿವಾರದಿಂದ ಅಲ್ಲಾಡಿರಲೇ ಇಲ್ಲ. ಸೋಮವಾರ ಬೆಳಿಗ್ಗೆ ಅಮ್ಮನಿಗೆ ಹೇಳಿದೆ. ಅದಕ್ಕೇ ಅವಳು ಆ ಅಜ್ಜಿಗೆ ಹೇಳಿಕಳಿಸಿದ್ದು. ಸೊಂಟ ನೋವು ಬಂದದ್ದೂ ಅದಕ್ಕೇ. ಹುಟ್ಟುವಾಗ ಮೈಯ ಚರ್ಮ ಸುಲಿದಿತ್ತು. ಇದು ಹೋಗಿ ದಿನ ಆಗಿದೆ ಅಂತ ಅಜ್ಜಿ ನೋಡಿದ ಕೂಡ್ಲೆ ಹೇಳಿದ್ರು."

"ಮತ್ತೆ ಅಮ್ಮ?"

"ಎರಡನೆಯದ್ದೂ ಹೊಟ್ಟೆಯಲ್ಲೇ ಸತ್ತಿತು ಅಂತ ಗೊತ್ತಾದ್ರೆ ಅತ್ತೆ ನನ್ನನ್ನು ಇಟ್ಟುಕೊಳ್ತಿದ್ರಾ? ಯಾರಿಗೂ ಹೇಳಬಾರದು ಅಂತ ಅಮ್ಮ ಆ ಅಜ್ಜಿಯ ಕಾಲು ಹಿಡಿದಳು. ಎಣ್ಣೆ ಅಂತ ಹೇಳುವ, ನಾನು ಹಚ್ಚಿದ್ದು ಅಂತ ಹೇಳುವ, ನೀನು ತುಟಿ ಪಿಟಕ್ ಅನ್ನಬೇಡ ಅಂದಳು. ದೈವದ ಎದುರು ಸುಳ್ಳು ಹೇಳಿದಳಲ್ಲ, ನನಗೋಸ್ಕರ." ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿನಗೆ ಅವಳು ಹೇಳ್ಲೇ ಇಲ್ವಾ?"

"ನೀನು ಹೇಳಿದ್ಯಾ?" ಎಂದು ನಾನು ಕಿರುಚಿದೆ. ಸೂತಕದ ಮನೆ ಎಂಬುದು ನೆನಪಿರಲಿಲ್ಲ.

"ಮದುವೆಯಾಗದ ಹುಡುಗಿಗೆ ಇಂಥದ್ದನ್ನೆಲ್ಲ ಯಾರು ಹೇಳ್ತಾರೆ? ನಿನಗೆ ಎಂತದೂ ಗೊತ್ತಿಲ್ಲ ಅಂದುಕೊಂಡಿದ್ದೆವು. ಆಟ ಆಡಿಕೊಂಡು ಇದ್ದವಳು ನೀನು."

ನನಗೆ ಸಿಟ್ಟು ಬಂತು. ಹನ್ನೊಂದು ದಿನದ ಹಿಂದೆ ಸತ್ತವಳ ಮೇಲೆ ಕೆಟ್ಟ ಸಿಟ್ಟು. ಒಬ್ಬಳು ಮಗಳ ಸಂಸಾರ ಉಳಿಸಲು ಇನ್ನೊಬ್ಬಳನ್ನು ಬಾಗಿಲ ಹಿಂದೆ ಮರೆತುಬಿಟ್ಟಳಲ್ಲ! ಮೂರು ಮಾತು ಸಾಕಿತ್ತು. ನಿನ್ನಿಂದ ಆದದ್ದಲ್ಲ ಮಗಾ. ಅಷ್ಟು ಹೇಳಿದ್ದರೆ ಅಕ್ಕನ ಮಕ್ಕಳನ್ನು ನಾನು ಎತ್ತಿಕೊಳ್ಳುತ್ತಿದ್ದೆ.

ಬಚ್ಚಲಿನ ಹೊಗೆಗೆ ಕಣ್ಣು ಉರಿಯುತ್ತಿತ್ತು. ಕೈಯನ್ನು ನೀರಿಗೆ ಅದ್ದಿ ಮುಖಕ್ಕೆ ಹಾಕಿಕೊಂಡೆ. ಆಗ ಆ ಬಾವಿಕಟ್ಟೆ ನೆನಪಾಯಿತು. ಬೂದಿ, ಹುಣಸೆಹುಳಿ, ಅಂಟುವಾಳ, ಮೂರು ಮೂರು ಸಲ. ಉಗುರಿನ ಸಂದಿ. ಲಂಗವನ್ನು ಒಲೆಗೆ ಹಾಕಿದ್ದು. ಆಮೇಲೆ ತನ್ನ ಅಂಗೈಗೆ ಸುರಿದುಕೊಂಡದ್ದು. ತೋಡಾರಿನವರು ಮೂಸಿದರೆ ಆ ವಾಸನೆ ಅವಳೊಬ್ಬಳ ಕೈಯಲ್ಲಿ ಮಾತ್ರ ಇರಬೇಕಿತ್ತು, ನನ್ನ ಕೈಯಲ್ಲಿ ಇರಬಾರದಿತ್ತು. ಅವಳು ನನ್ನನ್ನು ಮರೆತಿರಲಿಲ್ಲ. ತೊಳೆದರೆ ಸಾಕು, ನನ್ನಿಂದ ಎಲ್ಲ ಹೋಯಿತು ಎಂದುಕೊಂಡಿದ್ದಳು.

"ಒಂದು ಮಾತು ಹೇಳ್ತೇನೆ, ಕೇಳು," ಎಂದಳು ಅಕ್ಕ. ಕೆಳಗಿಟ್ಟ ಸೌದೆಯನ್ನು ಎತ್ತಿ ಬೆಂಕಿಗೆ ತುರುಕಿದಳು. "ಆ ದಿನವಿಡೀ ನನಗೆ ನೋವು ಕಡಿಮೆಯಾದದ್ದು ಒಂದೇ ಗಳಿಗೆ. ನೀನು ಎಣ್ಣೆ ಹಚ್ಚಿದ ಮೇಲೆ ಸ್ವಲ್ಪ ನಿದ್ದೆ ಬಂತು. ಅದನ್ನು ನಾನು ಇನ್ನೂ ಮರೆತಿಲ್ಲ."

ಹೊರಗೆ ಅವಳ ಮಗಳು, ಐದು ವರ್ಷದವಳು, ಚಳಿ ಚಳಿ ಎಂದು ಬಾಗಿಲು ಬಡಿಯುತ್ತಿದ್ದಳು. ಅಕ್ಕ ಬಾಗಿಲು ತೆಗೆದು ಅವಳನ್ನು ಒಳಗೆ ಬಿಟ್ಟು, "ಚಿಕ್ಕಮ್ಮನ ಕೈಯಲ್ಲಿ ಮೀಯಿ," ಎಂದು ಹೇಳಿ ಹೊರಗೆ ಹೋದಳು. ನಾನು ಬಿಸಿನೀರಿಗೆ ತಣ್ಣೀರು ಬೆರೆಸಿದೆ. ಮಗು ಮೂಗು ಅರಳಿಸಿ ಹಂಡೆಯ ಕಡೆ ನೋಡಿ, "ಎಂತ ಪರಿಮಳ ಇದು?" ಎಂದು ಕೇಳಿತು.

"ನಿನ್ನ ಅಜ್ಜಿಯ ಕೈಯದ್ದು," ಎಂದೆ. ಅವಳನ್ನು ಹತ್ತಿರ ಎಳೆದುಕೊಂಡು, ಬೆನ್ನು ತಿಕ್ಕಿದೆ.